ಸಿಸ್ಟರ್ ಮದ್ದು ಬರೆದರೆ ತಪ್ಪೇನು?

ಪ್ರಶ್ನೆ: ಮೇಡಂ, ನಮ್ಮದು ಭಾಗಮಂಡಲದಿಂದ ಇನ್ನೂ ಒಳಗಿನ ಊರು. ಅವ್ವನಿಗೆ 67 ವರ್ಷ, ಎಂಟು ವರ್ಷದಿಂದ ಬಿಪಿ, ಶುಗರ್ ಎರಡೂ ಇದೆ. ಮಾತ್ರೆ ಶುರು ಮಾಡಿದ್ದು ಪಿಎಚ್‌ಸಿ ಡಾಕ್ಟರ್. ಈಗ ಪ್ರತಿ ತಿಂಗಳು ನಮ್ಮ ಉಪಕೇಂದ್ರದ ಸಿಎಚ್‌ಒ (ಸಮುದಾಯ ಆರೋಗ್ಯ ಅಧಿಕಾರಿ) ಸಿಸ್ಟರ್ ಬಿಪಿ ನೋಡಿ ಅದೇ ಮಾತ್ರೆ ಕೊಡುತ್ತಾರೆ. ಈ ಮಳೆಗಾಲದಲ್ಲಿ ಅವ್ವನ ಪಾದ ಎರಡೂ ಊದಿಕೊಂಡಿತು. ಊತ ಇಳಿಯುವ ಮಾತ್ರೆ ಕೊಡಿ ಅಂದೆ. ‘ಇದು ನಾನು ಕೊಡುವ ಹಾಗಿಲ್ಲ, ಡಾಕ್ಟರ್ ನೋಡಬೇಕು’ ಅಂದರು. ವಿಡಿಯೋದಲ್ಲಿ ಡಾಕ್ಟರ್ ಸಿಗಲಿ ಅಂತ ಎರಡು ದಿನ ಪ್ರಯತ್ನಪಟ್ಟರು. ಕರೆಂಟ್ ಇಲ್ಲ, ನೆಟ್‌ವರ್ಕ್ ಇಲ್ಲ. ಕೊನೆಗೆ ನಮ್ಮ ಮನೆಯವರು ಪೇಟೆಯ ಮೆಡಿಕಲ್‌ನಲ್ಲಿ ಹೇಳಿ ‘ನೀರಿನ ಮಾತ್ರೆ’ ತಂದರು. ನಾಲ್ಕನೇ ದಿನ ಅವ್ವ ಬಚ್ಚಲಿಗೆ ಹೋಗುವಾಗ ತಲೆ ತಿರುಗಿ ಬಿದ್ದರು. ಮೂಳೆ ಮುರಿಯಲಿಲ್ಲ, ಅದೇ ಪುಣ್ಯ. ಸಿಸ್ಟರ್ ಮನೆಗೆ ಬಂದು ಮಾತ್ರೆಗಳನ್ನೆಲ್ಲ ನೋಡಿ, ಊತ ಬಿಪಿ ಮಾತ್ರೆಯಿಂದಲೇ ಇರಬಹುದು, ನೀರಿನ ಮಾತ್ರೆ ನಿಲ್ಲಿಸಿ ಇವತ್ತೇ ಆಸ್ಪತ್ರೆಗೆ ಹೋಗಿ ಅಂದರು. ಡಾಕ್ಟರ್ ಕೂಡ ಅದನ್ನೇ ಹೇಳಿ ಬಿಪಿ ಮಾತ್ರೆ ಬದಲಾಯಿಸಿದರು. ನನ್ನ ಪ್ರಶ್ನೆ ಇಷ್ಟೇ. ಸಿಸ್ಟರ್‌ಗೆ ಅಷ್ಟು ಗೊತ್ತಿದ್ದರೆ ಅವರೇ ಯಾಕೆ ಮದ್ದು ಬರೆಯಬಾರದು? ದೊಡ್ಡಮ್ಮನ ಮಗಳು ಇಂಗ್ಲೆಂಡಿನಲ್ಲಿ ಮನೆಮನೆಗೆ ಹೋಗುವ ನರ್ಸ್, ಅವಳೇ ಚೀಟಿ ಬರೆಯುತ್ತಾಳೆ. ನಮ್ಮ ಭಾವ ಡಾಕ್ಟರ್. ಅವರು ‘ನರ್ಸ್ ಕೈಗೆ ಪೆನ್ ಕೊಟ್ಟರೆ ಊರಿಗೊಬ್ಬ ನಕಲಿ ಡಾಕ್ಟರ್ ಹುಟ್ಟುತ್ತಾನೆ’ ಅನ್ನುತ್ತಾರೆ. ಮಗಳು ಬಿಎಸ್ಸಿ ನರ್ಸಿಂಗ್ ಮೂರನೇ ವರ್ಷ, ಸಿಎಚ್‌ಒ ಆಗಬೇಕು ಅಂತಿದ್ದಾಳೆ. ಯಾರ ಮಾತು ನಂಬಲಿ?

ಉತ್ತರ: ಮೊದಲು ಅವ್ವನ ವಿಷಯ, ಯಾಕೆಂದರೆ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಇದೆ.

ಸರ್ಕಾರಿ ಕೇಂದ್ರಗಳಲ್ಲಿ ಬಿಪಿಗೆ ಸಾಮಾನ್ಯವಾಗಿ ಮೊದಲು ಕೊಡುವ ಮಾತ್ರೆ ಅಮ್ಲೋಡಿಪಿನ್. ಒಳ್ಳೆಯ ಮಾತ್ರೆ, ಬೆಲೆಯೂ ಕಡಿಮೆ. ಆದರೆ ಕೆಲವರಿಗೆ ಅದರಿಂದ ಪಾದ ಊದಿಕೊಳ್ಳುತ್ತದೆ, ಡೋಸ್ ಜಾಸ್ತಿಯಾದ ಹಾಗೆ ಊತವೂ ಜಾಸ್ತಿ. ಅದು ಸಣ್ಣ ರಕ್ತನಾಳಗಳನ್ನು ಸಡಿಲ ಮಾಡುತ್ತದೆ, ಒಳಗಿನ ನೀರು ಸ್ವಲ್ಪ ಸ್ವಲ್ಪ ಹೊರಗೆ ಜಿನುಗಿ ಪಾದದಲ್ಲಿ ಇಳಿದು ನಿಲ್ಲುತ್ತದೆ. ಅಂದರೆ ಮೈಯಲ್ಲಿ ನೀರು ಜಾಸ್ತಿಯಾಗಿ ಬಂದ ಊತ ಅಲ್ಲ ಅದು. ಅದಕ್ಕೆ ನೀರಿನ ಮಾತ್ರೆ, ಅಂದರೆ ಮೂತ್ರ ಜಾಸ್ತಿ ಮಾಡುವ ಮಾತ್ರೆ ಕೊಟ್ಟರೆ ಊತ ಅಷ್ಟಾಗಿ ಇಳಿಯುವುದಿಲ್ಲ, ಆದರೆ ಮೈಯಲ್ಲಿ ಇರಬೇಕಾದ ನೀರು, ಉಪ್ಪಿನಂಶ ಹೋಗಿಬಿಡುತ್ತದೆ. ಬಿಪಿ ಇಳಿಯುತ್ತದೆ. ಎದ್ದು ನಿಂತ ಕೂಡಲೇ ಕಣ್ಣು ಕತ್ತಲೆ. ಅವ್ವ ಬಿದ್ದದ್ದು ಹೆಚ್ಚುಕಡಿಮೆ ಹೀಗೇ. ಒಂದು ಮದ್ದಿನ ತೊಂದರೆಯನ್ನು ಹೊಸ ಕಾಯಿಲೆ ಅಂದುಕೊಂಡು ಅದಕ್ಕೆ ಇನ್ನೊಂದು ಮದ್ದು ಕೊಡುವುದು, ನಾನು ಮನೆಮನೆಗಳಲ್ಲಿ ಅತಿ ಹೆಚ್ಚು ನೋಡಿದ ತಪ್ಪು ಇದು. ಡಾಕ್ಟರೂ ಮಾಡುತ್ತಾರೆ, ನರ್ಸೂ ಮಾಡುತ್ತಾರೆ, ಅಂಗಡಿಯವರಂತೂ ದಿನಾ ಮಾಡುತ್ತಾರೆ.

ಈಗ ನಿಮ್ಮ ಸಿಸ್ಟರ್ ಮಾಡಿದ್ದನ್ನು ನೋಡಿ. ಮೊದಲ ದಿನ ಅವರು ಕೊಡಲಿಲ್ಲ. ನಿಮಗೆ ಸಿಟ್ಟು ಬಂದಿರಬೇಕು, ನನಗೂ ಬರುತ್ತಿತ್ತು. ಆದರೆ 67 ವರ್ಷದ, ಶುಗರ್ ಇರುವ ಹೆಂಗಸಿನ ಪಾದ ಊದಿದರೆ ಅದು ಬರೀ ಮಾತ್ರೆಯ ಊತ ಅಂತ ಕಣ್ಣಲ್ಲಿ ನೋಡಿ ಹೇಳಲಾಗುವುದಿಲ್ಲ. ಹೃದಯ ಸೋತಿರಬಹುದು, ಕಿಡ್ನಿಯಿಂದ ಪ್ರೋಟೀನ್ ಹೋಗುತ್ತಿರಬಹುದು. ರಕ್ತ, ಮೂತ್ರ ನೋಡಬೇಕು, ಎದೆಗೆ ಸ್ಟೆತಸ್ಕೋಪ್ ಇಡಬೇಕು. ಹಾಗಾಗಿ ‘ನಾನು ಕೊಡುವ ಹಾಗಿಲ್ಲ’ ಅಂದದ್ದು ಸರಿ. ನಾಲ್ಕನೇ ದಿನ ಬಂದು ಎಲ್ಲ ಮಾತ್ರೆ ಹೊರಗೆ ತೆಗೆಸಿ ನೋಡಿದ್ದು, ಒಂದನ್ನು ನಿಲ್ಲಿಸಿ ಅಂದದ್ದು, ಅದೇ ದಿನ ಕಳಿಸಿದ್ದು, ಇದು ಇನ್ನೂ ಸರಿ. ಮದ್ದು ಬರೆಯುವ ವಿದ್ಯೆ ಅಂದರೆ ನಾನು ತಿಳಿದಿರುವುದು ಇದನ್ನೇ. ಪೆನ್ ಹಿಡಿಯುವುದು ಅದರ ಕೊನೆಯ ಐದು ಸೆಕೆಂಡ್.

ನಾನು ಉಪಕೇಂದ್ರದಲ್ಲಿ ಸಿಸ್ಟರ್ ಆಗಿ ಕೆಲಸ ಶುರು ಮಾಡಿದವಳು. ಈಗ ಸಿಎಚ್‌ಒ ಆಗುವ ಹುಡುಗಿಯರಿಗೆ ಪಾಠ ಹೇಳುತ್ತೇನೆ. ಎರಡೂ ಕಡೆ ನಿಂತು ನೋಡಿದ್ದೇನೆ, ಅದಕ್ಕೇ ಭಾವ ಹೇಳಿದ್ದನ್ನು ಸುಮ್ನೆ ತಳ್ಳಿಹಾಕುವುದಿಲ್ಲ. ಆದರೆ ಅವರ ಮಾತಿನಲ್ಲಿ ಎರಡು ಬೇರೆ ಬೇರೆ ವಿಷಯ ಸೇರಿಕೊಂಡಿದೆ.

ನಕಲಿ ಡಾಕ್ಟರ್ ಅಂದರೆ ಯಾರು? ಯಾವ ಪುಸ್ತಕದಲ್ಲೂ ಹೆಸರಿಲ್ಲದವನು, ಏನು ಕೊಟ್ಟೆ ಅಂತ ಬರೆದಿಡದವನು, ಕೆಟ್ಟದ್ದಾದರೆ ಊರು ಬಿಡುವವನು. ನರ್ಸ್ ಹಾಗಲ್ಲ. ರಾಜ್ಯದ ನರ್ಸಿಂಗ್ ಕೌನ್ಸಿಲ್‌ನಲ್ಲಿ ಹೆಸರು ಇರುತ್ತದೆ, ಉಪಕೇಂದ್ರದ ರಿಜಿಸ್ಟರ್‌ನಲ್ಲಿ ಕೊಟ್ಟ ಒಂದೊಂದು ಮಾತ್ರೆಯೂ ದಾಖಲಾಗುತ್ತದೆ, ಮೇಲೆ ಕೇಳುವ ಡಾಕ್ಟರ್ ಇದ್ದಾರೆ. ಇನ್ನೊಂದು, ನರ್ಸ್ ತಾನಾಗಿ ಯಾವ ಮದ್ದನ್ನೂ ಕೊಡಲೇಬಾರದು ಅನ್ನುವ ನಂಬಿಕೆಯೂ ತಪ್ಪು. ಫಿಟ್ಸ್ ಬಂದ ಗರ್ಭಿಣಿಗೆ ಆಸ್ಪತ್ರೆಗೆ ಕಳಿಸುವ ಮೊದಲು ಮೆಗ್ನೀಷಿಯಂ ಸಲ್ಫೇಟ್ ಮೊದಲ ಡೋಸ್, ಎರಡೂ ಕಡೆಯ ಪೃಷ್ಠಕ್ಕೆ ತಲಾ 5 ಗ್ರಾಂ, ಉಪಕೇಂದ್ರದ ಸಿಸ್ಟರ್ ಕೊಡಬೇಕು ಅಂತಲೇ ಕೇಂದ್ರ ಸರ್ಕಾರದ ಮಾರ್ಗಸೂಚಿ ಇದೆ. 2014ರಿಂದ ಎರಡು ತಿಂಗಳೊಳಗಿನ ಕೂಸಿಗೆ ತೀವ್ರ ಸೋಂಕಿನ ಲಕ್ಷಣ ಕಂಡರೆ ಮೊದಲ ಡೋಸ್ ಜೆಂಟಾಮೈಸಿನ್ ಇಂಜೆಕ್ಷನ್ ಕೊಟ್ಟು ಕಳಿಸುವುದಕ್ಕೂ ಅನುಮತಿ ಇದೆ. ಇವು ಸಣ್ಣ ಮದ್ದುಗಳಲ್ಲ. ಬಿಪಿ ಮಾತ್ರೆಗಿಂತ ಎಷ್ಟೋ ಹೆಚ್ಚು ಎಚ್ಚರ ಬೇಕಾದವು.

ಹಾಗಿದ್ದರೆ ತೊಡಕು ಎಲ್ಲಿ? ಕೊಡುವುದು ಬೇರೆ, ಮುಂದುವರಿಸುವುದು ಬೇರೆ, ಶುರು ಮಾಡುವುದು ಬೇರೆ. ನಾನು ತರಗತಿಯ ಮೊದಲ ದಿನ ಬೋರ್ಡ್ ಮೇಲೆ ಬರೆಯುವುದೇ ಈ ಮೂರು. ಡಾಕ್ಟರ್ ಹೇಳಿದ್ದನ್ನು ಕೈಗೆ ಕೊಡುವುದು ಒಂದು. ಡಾಕ್ಟರ್ ಶುರು ಮಾಡಿದ್ದನ್ನು ಬಿಪಿ ನೋಡಿ, ತೊಂದರೆ ಕೇಳಿ, ಇನ್ನೊಂದು ತಿಂಗಳಿಗೆ ಕೊಡುವುದು ಎರಡನೆಯದು. ಅವ್ವನಿಗೆ ಸಿಸ್ಟರ್ ಮಾಡುತ್ತಿರುವುದು ಇದನ್ನೇ. ಕಾಯಿಲೆ ಏನು ಅಂತ ತಾನೇ ತೀರ್ಮಾನಿಸಿ, ತಾನೇ ಮದ್ದು ಆರಿಸಿ, ತನ್ನ ಹೆಸರಲ್ಲಿ ಚೀಟಿ ಬರೆಯುವುದು ಮೂರನೆಯದು. ಅಮ್ಲೋಡಿಪಿನ್‌ನಂಥ ಮಾತ್ರೆಯನ್ನು ಅಂಗಡಿಯವರು ನೋಂದಾಯಿತ ವೈದ್ಯರ ಚೀಟಿಗೆ ಮಾತ್ರ ಕೊಡಬೇಕು, ಕಾನೂನು ಹಾಗೆ. ಸರ್ಕಾರಿ ಕಾರ್ಯಕ್ರಮದ ಮದ್ದನ್ನು ಉಪಕೇಂದ್ರದ ಸಿಸ್ಟರ್ ವಿತರಿಸಲು 1945ರ ಡ್ರಗ್ಸ್ ರೂಲ್ಸ್‌ನಲ್ಲೇ ವಿನಾಯಿತಿ ಇದೆ, ಆದರೆ ಅದು ವಿತರಣೆಗೆ. ಹೀಗಾಗಿ ವಿಚಿತ್ರ ನೋಡಿ, ನಿಮ್ಮ ಮನೆಯವರು ಬಾಯಲ್ಲಿ ಹೇಳಿ ನೀರಿನ ಮಾತ್ರೆ ತಂದರು, ಯಾರೂ ತಡೆಯಲಿಲ್ಲ. ಹತ್ತು ವರ್ಷ ಅನುಭವದ ಸಿಸ್ಟರ್ ಬರೆದ ಚೀಟಿಗೆ ಮಾತ್ರ ಬೆಲೆಯಿಲ್ಲ. ನನಗೆ ಇದು ನೋವಿನ ವಿಷಯ.

ನಿಮ್ಮ ದೊಡ್ಡಮ್ಮನ ಮಗಳ ದೇಶದಲ್ಲಿ ಇದು ಹೇಗಾಯಿತು ಅಂತ ಸ್ವಲ್ಪ ಹೇಳುತ್ತೇನೆ. ಅಲ್ಲೂ ಮನೆಮನೆಗೆ ಹೋಗುವ ನರ್ಸ್‌ಗಳು ಗಾಯಕ್ಕೆ ಯಾವ ಬ್ಯಾಂಡೇಜ್ ಬೇಕು ಅಂತ ತಾವೇ ತೀರ್ಮಾನಿಸಿ, ಆಮೇಲೆ ಡಾಕ್ಟರ್ ಸಹಿಗೆ ಬಾಗಿಲ ಹೊರಗೆ ಕಾಯುತ್ತಿದ್ದರು. ಡಾಕ್ಟರ್ ರೋಗಿಯನ್ನು ನೋಡದೆಯೇ ಸಹಿ ಹಾಕುತ್ತಿದ್ದರು. 1986ರಲ್ಲಿ ಜೂಲಿಯಾ ಕಂಬರ್ಲೆಜ್ ಅವರ ಸಮಿತಿ ಇದನ್ನು ಎತ್ತಿ ತೋರಿಸಿ, ಸಮುದಾಯದಲ್ಲಿ ಕೆಲಸ ಮಾಡುವ ನರ್ಸ್‌ಗಳಿಗೆ ಮದ್ದುಗಳ ಒಂದು ಸಣ್ಣ ಪಟ್ಟಿಯಿಂದ ಬರೆಯುವ ಹಕ್ಕು ಕೊಡಿ ಅಂತು. ಕಾಯ್ದೆ ಬಂದದ್ದು 1992ರಲ್ಲಿ. 1994ರಲ್ಲಿ ಎಂಟು ಕಡೆ ಪ್ರಯೋಗವಾಗಿ ಶುರುವಾಯಿತು. ಆ ಪಟ್ಟಿಯಲ್ಲಿ ಇದ್ದದ್ದು ಗಾಯದ ಬ್ಯಾಂಡೇಜ್, ಮಲಬದ್ಧತೆಯ ಮದ್ದು, ಹೇನಿನ ಮದ್ದು, ಪ್ಯಾರಸಿಟಮಾಲ್, ಇಂಥವು. 2002ರಲ್ಲಿ ಪಟ್ಟಿ ದೊಡ್ಡದಾಯಿತು. ಹೆಚ್ಚಿನ ತರಬೇತಿ ಪಡೆದವರಿಗೆ ಬಹುತೇಕ ಎಲ್ಲ ಮದ್ದು ಬರೆಯುವ ಹಕ್ಕು ಸಿಕ್ಕಿದ್ದು 2006ರಲ್ಲಿ. ಲೆಕ್ಕ ಹಾಕಿ, ಶಿಫಾರಸಿನಿಂದ ಅಲ್ಲಿಯವರೆಗೆ 20 ವರ್ಷ. ಈಗಲೂ ಅಲ್ಲಿ ಎಲ್ಲ ನರ್ಸೂ ಬರೆಯುವುದಿಲ್ಲ. ಆ ಹಕ್ಕು ಬೇಕಾದವರು ಕೆಲಸದ ಅನುಭವ ಆದ ಮೇಲೆ ಬೇರೆ ಕೋರ್ಸ್ ಮಾಡಬೇಕು. ಬಹಳ ವರ್ಷ ಅದರ ನಿಯಮ ಕನಿಷ್ಠ 26 ದಿನ ಪಾಠ, ಅದರ ಮೇಲೆ 12 ದಿನ ಡಾಕ್ಟರ್ ಪಕ್ಕದಲ್ಲಿ ಕೂತು ಕಲಿಯುವುದು. ಮದ್ದಿನ ಶಾಸ್ತ್ರದಲ್ಲಿ ನೂರಕ್ಕೆ 80, ಡೋಸ್ ಲೆಕ್ಕದ ಪರೀಕ್ಷೆಯಲ್ಲಿ ನೂರಕ್ಕೆ ನೂರೇ ಬರಬೇಕು. 99 ಬಂದರೂ ಫೇಲ್. ಇದು ನನಗೆ ಬಹಳ ಇಷ್ಟವಾದ ನಿಯಮ.

ಸುರಕ್ಷಿತವೇ ಅನ್ನುವುದಕ್ಕೆ ಪುರಾವೆಯೂ ಇದೆ. 2016ರಲ್ಲಿ ಕೊಕ್ರೇನ್ ಅನ್ನುವ, ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಸಂಸ್ಥೆಯವರು 46 ಅಧ್ಯಯನಗಳನ್ನು ಒಟ್ಟಿಗೆ ನೋಡಿದರು. ತರಬೇತಿ ಪಡೆದ ನರ್ಸ್ ಅಥವಾ ಫಾರ್ಮಸಿಸ್ಟ್ ಮದ್ದು ಬರೆದಾಗಲೂ ಬಿಪಿ, ಶುಗರ್, ಕೊಲೆಸ್ಟರಾಲ್ ಹತೋಟಿ ಡಾಕ್ಟರ್ ಬರೆದಷ್ಟೇ ಚೆನ್ನಾಗಿತ್ತು. ಆದರೆ ಭಾವನ ಮುಂದೆ ಇದನ್ನು ಇಡುವಾಗ ಪೂರ್ತಿ ಇಡಿ. ಅವುಗಳಲ್ಲಿ ಹೆಚ್ಚಿನವು ಶ್ರೀಮಂತ ದೇಶಗಳದ್ದು, ಅಲ್ಲಿ ನರ್ಸ್ ಹಿಂದೆ ಲ್ಯಾಬ್ ಇದೆ, ಫೋನ್ ಎತ್ತುವ ಡಾಕ್ಟರ್ ಇದ್ದಾರೆ. ಬಡ ದೇಶಗಳಲ್ಲಿ ನಡೆದೇ ಇಲ್ಲ ಅಂತಲ್ಲ. ಉಗಾಂಡಾದಲ್ಲಿ 2004ರಿಂದ ವಿಶೇಷ ತರಬೇತಿ ಪಡೆದ ನರ್ಸ್‌ಗಳು ಕ್ಯಾನ್ಸರ್ ನೋವಿಗೆ ಮಾರ್ಫಿನ್ ಬರೆಯುತ್ತಾರೆ. ದಕ್ಷಿಣ ಆಫ್ರಿಕಾದಲ್ಲಿ 2010ರಿಂದ ಎಚ್‌ಐವಿ ಮದ್ದನ್ನು ನರ್ಸ್‌ಗಳೇ ಶುರು ಮಾಡುತ್ತಿದ್ದಾರೆ. ಎರಡೂ ಕಡೆ ಒಂದೊಂದು ಕಾಯಿಲೆ, ಅದಕ್ಕೊಂದು ಬರೆದಿಟ್ಟ ದಾರಿ. ನೆನಪಿಡಿ, ಆಮೇಲೆ ಬೇಕಾಗುತ್ತದೆ.

ನಮ್ಮ ದೇಶದ ಕಾನೂನಿಗೆ ಬರೋಣ. ಇಲ್ಲಿ ಜಾಸ್ತಿ ಹೊತ್ತು ನಿಲ್ಲುವುದಿಲ್ಲ. 2018ರಲ್ಲಿ ಆಯುಷ್ಮಾನ್ ಭಾರತ್ ಅಡಿಯಲ್ಲಿ ಉಪಕೇಂದ್ರಗಳನ್ನು ಆರೋಗ್ಯ ಮತ್ತು ಕ್ಷೇಮ ಕೇಂದ್ರ ಮಾಡಿ, ಪ್ರತಿಯೊಂದಕ್ಕೂ ಒಬ್ಬ ಸಿಎಚ್‌ಒ ಅಂತ ಶುರು ಮಾಡಿದರು. ಈಗ ಅವುಗಳ ಬೋರ್ಡಿನಲ್ಲಿ ಆಯುಷ್ಮಾನ್ ಆರೋಗ್ಯ ಮಂದಿರ ಅಂತಿದೆ. ನರ್ಸಿಂಗ್ ಓದಿದವರಿಗೆ ಆರು ತಿಂಗಳ ಸಮುದಾಯ ಆರೋಗ್ಯ ಕೋರ್ಸ್ ಕೊಟ್ಟು ಅಲ್ಲಿಗೆ ಕಳಿಸಿದರು. 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆಯ 32ನೇ ಸೆಕ್ಷನ್‌ನಲ್ಲಿ ‘ಸಮುದಾಯ ಆರೋಗ್ಯ ಸೇವಾದಾರ’ ಅಂತ ಒಂದು ಸೀಮಿತ ಪರವಾನಗಿಯ ಮಾತು ಬಂತು. ಪ್ರಾಥಮಿಕ ಆರೈಕೆಯಲ್ಲಿ, ಕಾಯಿಲೆ ತಡೆಯುವ ಕೆಲಸದಲ್ಲಿ ನಿಗದಿತ ಮದ್ದುಗಳನ್ನು ಸ್ವತಂತ್ರವಾಗಿ ಬರೆಯಬಹುದು, ಉಳಿದದ್ದಕ್ಕೆ ಡಾಕ್ಟರ್ ಉಸ್ತುವಾರಿ ಬೇಕು ಅಂತ ಅದರ ಸಾರ. ಯಾರಿಗೆ, ಎಷ್ಟರ ಮಟ್ಟಿಗೆ ಅನ್ನುವುದನ್ನು ನಿಯಮಾವಳಿ ಹೇಳಬೇಕು. ಇದನ್ನು ವಿರೋಧಿಸಿ 2019ರ ಜುಲೈ 31ರಂದು ವೈದ್ಯರ ಸಂಘ ದೇಶದಾದ್ಯಂತ ಒಂದು ದಿನ ಮುಷ್ಕರ ಮಾಡಿತ್ತು, ಭಾವನಿಗೆ ನೆನಪಿರಬಹುದು. ಇನ್ನೊಂದು ಕಡೆ, ಹಳ್ಳಿಗಾಗಿ ಮೂರು ವರ್ಷದ ವೈದ್ಯ ಡಿಪ್ಲೊಮಾ ತಂದಿದ್ದ ಅಸ್ಸಾಂನ ಕಾಯ್ದೆಯನ್ನು ಹೈಕೋರ್ಟ್ ರದ್ದು ಮಾಡಿದ್ದು ಸರಿ ಅಂತ 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅಂದರೆ ಒಂದು ಜಿಲ್ಲೆಯೋ ರಾಜ್ಯವೋ ತನ್ನ ಪಾಡಿಗೆ ತಾನು ಹೊಸ ಬಗೆಯ ವೈದ್ಯರನ್ನು ಮಾಡಿಕೊಳ್ಳಲು ಆಗುವುದಿಲ್ಲ. ಸಿಸ್ಟರ್‌ಗೆ ನಾಳೆ ಬೆಳಗ್ಗೆ ಹಕ್ಕು ಕೊಡಿ ಅಂತ ಮಡಿಕೇರಿಯಲ್ಲಿ ಅರ್ಜಿ ಕೊಟ್ಟರೆ ಏನೂ ಆಗುವುದಿಲ್ಲ, ಅಷ್ಟು ತಿಳಿದರೆ ಸಾಕು.

ಈಗ ತರಬೇತಿ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಯಾಕೆಂದರೆ ‘ತರಬೇತಿ ಕೊಟ್ಟರೆ ಆಯಿತಲ್ಲ’ ಅನ್ನುವವರು ಒಳಗೆ ಏನು ಇರಬೇಕು ಅಂತ ಕೇಳುವುದೇ ಇಲ್ಲ.

ನಾನು ಮೇಜಿನ ಮೇಲೆ ಮೂರು ಬಾಟಲಿ ಇಡುತ್ತೇನೆ. ಮೂರೂ ಪ್ಯಾರಸಿಟಮಾಲ್. ಒಂದರಲ್ಲಿ 5 ಎಂಎಲ್‌ಗೆ 125 ಮಿಲಿಗ್ರಾಂ. ಇನ್ನೊಂದರಲ್ಲಿ 5 ಎಂಎಲ್‌ಗೆ 250. ಮೂರನೆಯದು ಕೂಸುಗಳ ಡ್ರಾಪ್ಸ್, 1 ಎಂಎಲ್‌ಗೇ 100 ಮಿಲಿಗ್ರಾಂ. ಎಂಟು ಕಿಲೋ ಮಗು, ಕಿಲೋಗೆ 15 ಮಿಲಿಗ್ರಾಂ ಲೆಕ್ಕ, ಎಷ್ಟು ಕೊಡುತ್ತೀರಿ ಅಂತ ಕೇಳುತ್ತೇನೆ. 120 ಮಿಲಿಗ್ರಾಂ ಅಂತ ಎಲ್ಲರೂ ಹೇಳುತ್ತಾರೆ. ಎಷ್ಟು ಎಂಎಲ್ ಅಂದ ಕೂಡಲೇ ಕೋಣೆ ಸುಮ್ಮನಾಗುತ್ತದೆ. ಮೊದಲ ಬಾಟಲಿಯಲ್ಲಿ ಹೆಚ್ಚುಕಡಿಮೆ 5 ಎಂಎಲ್, ಎರಡನೆಯದರಲ್ಲಿ ಅದರ ಅರ್ಧ, ಡ್ರಾಪ್ಸ್‌ನಲ್ಲಿ 1.2 ಎಂಎಲ್. ಯಾರಾದರೂ ಅವಸರದಲ್ಲಿ ‘ಒಂದು ಚಮಚ’ ಅಂತ ಬರೆದು, ಮನೆಯಲ್ಲಿ ಡ್ರಾಪ್ಸ್ ಬಾಟಲಿ ಇದ್ದರೆ? ಮಗುವಿಗೆ 500 ಮಿಲಿಗ್ರಾಂ ಹೋಯಿತು. ದೊಡ್ಡವರ ಒಂದು ಮಾತ್ರೆಯಷ್ಟು, ಎಂಟು ಕಿಲೋ ಮಗುವಿಗೆ. ಅಂಥ ನಾಲ್ಕು ಡೋಸ್ ಹೋದರೆ ಲಿವರ್ ಗತಿ ಏನು? ಪೆನ್ ಕೇಳುವ ಮೊದಲು ಈ ಲೆಕ್ಕ ಕೈಗೆ ಹತ್ತಬೇಕು, ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಬರಬೇಕು.

ಆದರೆ ಲೆಕ್ಕ ಸುಲಭದ ಭಾಗ. ಕಷ್ಟದ್ದು ಕೇಳುವುದು. ಇದನ್ನು ನಾನು ಕಲಿತದ್ದು ನನ್ನದೇ ತಪ್ಪಿನಿಂದ. ಕೆಲಸಕ್ಕೆ ಸೇರಿ ಒಂದೂವರೆ ವರ್ಷ ಆಗಿತ್ತು. ಒಂದು ಕಾಫಿ ತೋಟದ ಲೈನ್ ಮನೆಯಿಂದ ಆರು ವರ್ಷದ ಹುಡುಗಿಯನ್ನು ಕರೆದುಕೊಂಡು ಬಂದರು. ಕೆಮ್ಮು, ಜ್ವರ. ನಮ್ಮ ಕಿಟ್‌ನಲ್ಲಿ ಆಗ ಮಕ್ಕಳ ಕೋಟ್ರೈಮಾಕ್ಸಜೋಲ್ ಅನ್ನುವ ಆಂಟಿಬಯಾಟಿಕ್ ಮಾತ್ರೆ ಇತ್ತು. ಉಸಿರು ಎಣಿಸಿದೆ, ತೂಕ ನೋಡಿದೆ, ಡೋಸ್ ಸರಿಯಾಗಿಯೇ ಕೊಟ್ಟೆ. ಎರಡನೇ ದಿನ ಆ ತಾಯಿ ಮಳೆಯಲ್ಲಿ ಮಗುವನ್ನು ಎತ್ತಿಕೊಂಡು ಓಡಿ ಬಂದಳು. ಬಾಯೊಳಗೆ ಹುಣ್ಣು, ಎದೆ ತುಂಬ ಕೆಂಪು ಗುಳ್ಳೆ. ಜೀಪ್ ಹುಡುಕಿ ಆಸ್ಪತ್ರೆಗೆ ಸೇರಿಸಿದೆವು, ಮಗು ಉಳಿಯಿತು. ಆಸ್ಪತ್ರೆಯ ವರಾಂಡದಲ್ಲಿ ಆ ತಾಯಿ ನನಗೆ ಹೇಳಿದ್ದು, ‘ಹೋದ ವರ್ಷ ಇನ್ನೊಂದು ತೋಟದಲ್ಲಿದ್ದಾಗ ಇಂಥದೇ ಬಿಳಿ ಮಾತ್ರೆ ತಿಂದು ಮೈಯೆಲ್ಲ ಕೆಂಪಾಗಿತ್ತು ಸಿಸ್ಟರ್, ನೀವು ಕೇಳಲಿಲ್ಲವಲ್ಲ.’ ಅವಳ ಮಾತಿನಲ್ಲಿ ಸಿಟ್ಟು ಇರಲಿಲ್ಲ. ಅದಕ್ಕೇ ಇನ್ನೂ ನೆನಪಿದೆ. ಮೊದಲು ಯಾವ ಮದ್ದಿನಿಂದ ತೊಂದರೆ ಆಗಿತ್ತು ಅಂತ ಕೇಳದೆ ನನ್ನ ತರಗತಿಯಲ್ಲಿ ಈಗ ಯಾರೂ ಮುಂದಿನ ಸಾಲಿಗೆ ಹೋಗುವ ಹಾಗಿಲ್ಲ.

ಇನ್ನೊಂದು ನಮ್ಮ ಊರಿನದೇ. ಉತ್ತರ ಕರ್ನಾಟಕದಿಂದ ಬಂದು ಇಲ್ಲಿ ಸಿಎಚ್‌ಒ ಆದ ಹುಡುಗಿಯೊಬ್ಬಳು ಆಗಸ್ಟ್ ತಿಂಗಳ ಮೊದಲ ವಾರ ಗಾಬರಿಯಿಂದ ಫೋನ್ ಮಾಡಿದಳು. ‘ಮೇಡಂ, ಬೆಳಗ್ಗಿಂದ ಮೂರು ಜನ ಬಂದರು, ಮೂವರಿಗೂ ಮೂತ್ರ ಕೆಂಪಗೆ. ಇಲಿ ಜ್ವರವಾ?’ ಇವತ್ತು ತಾರೀಕು ಎಷ್ಟು ಅಂತ ಕೇಳಿದೆ. ನಾಲ್ಕು ಅಂದಳು. ಹಿಂದಿನ ದಿನ ಕಕ್ಕಡ ಹದಿನೆಂಟು, ಕೊಡಗಿನಲ್ಲಿ ಮದ್ದು ಸೊಪ್ಪು ತಿನ್ನುವ ದಿನ. ಮನೆಮನೆಯಲ್ಲಿ ಮದ್ದು ಸೊಪ್ಪಿನ ಪಾಯಸ, ಹಿಟ್ಟು. ಆ ಸೊಪ್ಪು ತಿಂದರೆ ಮೂತ್ರ ಕೆಂಪಗೆ ಹೋಗುತ್ತದೆ ಅಂತ ಇಲ್ಲಿನ ಮಕ್ಕಳಿಗೂ ಗೊತ್ತು, ಅವಳಿಗೆ ಗೊತ್ತಿರಲಿಲ್ಲ. ಬಂದ ಮೂವರೂ ಮೊನ್ನೆ ಮೊನ್ನೆ ಹೊರಗಿನಿಂದ ತೋಟದ ಕೆಲಸಕ್ಕೆ ಬಂದವರು, ಯಜಮಾನರ ಮನೆಯಲ್ಲಿ ಪಾಯಸ ತಿಂದಿದ್ದರು. ಆದರೂ ನಾನು ‘ಹಾಗೆ ಕಳಿಸಬೇಡ, ಕಡ್ಡಿ ಹಾಕಿ ಮೂತ್ರ ನೋಡು, ಜ್ವರ ನೋಡು, ಎರಡು ದಿನ ಬಿಟ್ಟು ಮತ್ತೆ ಕೇಳು’ ಅಂದೆ. ಸೊಪ್ಪು ತಿಂದವರಿಗೆ ಇಲಿ ಜ್ವರ ಬರಬಾರದು ಅಂತೇನೂ ಇಲ್ಲವಲ್ಲ, ಗದ್ದೆ ಕೆಲಸದ ಕಾಲ ಅದು. ಊರು ಗೊತ್ತಿರಬೇಕು, ಊರು ಗೊತ್ತು ಅಂತ ಪರೀಕ್ಷೆ ಬಿಡಲೂಬಾರದು. ಇದನ್ನು ಆರು ತಿಂಗಳ ಪುಸ್ತಕ ಕಲಿಸುವುದಿಲ್ಲ. ಪಕ್ಕದಲ್ಲಿ ಒಬ್ಬರು ಕೂತು, ರೋಗಿ ಎದುರಿಗಿರುವಾಗಲೇ ಕಲಿಸಬೇಕು.

ಮತ್ತೆ, ಇಲ್ಲ ಅನ್ನುವುದು. ಶೀತ ಕೆಮ್ಮಿಗೆ ಆಂಟಿಬಯಾಟಿಕ್ ಕೇಳಿ ಬರುವವರು ಎಷ್ಟು ಜನ ಅಂತ ಸಿಸ್ಟರನ್ನೇ ಕೇಳಿ ನೋಡಿ. ‘ಪೇಟೆಯಲ್ಲಿ ಕೊಡುತ್ತಾರೆ, ನೀವು ಕೊಡಲ್ಲ’ ಅನ್ನುತ್ತಾರೆ. ಒಂದರಿಂದ ಐದು ವರ್ಷದ ಮಗು ನಿಮಿಷಕ್ಕೆ 40 ಅಥವಾ ಅದಕ್ಕಿಂತ ಜಾಸ್ತಿ ಸಲ ಉಸಿರಾಡಿದರೆ, ಎರಡು ತಿಂಗಳಿಂದ ಒಂದು ವರ್ಷದೊಳಗಿನ ಕೂಸು 50 ಅಥವಾ ಅದಕ್ಕಿಂತ ಜಾಸ್ತಿ ಸಲ ಉಸಿರಾಡಿದರೆ ನ್ಯುಮೋನಿಯಾ ಅಂತ ತಿಳಿದು ಅಮಾಕ್ಸಿಸಿಲಿನ್ ಕೊಡಬೇಕು. ಅದೇ ಮಗು 32 ಸಲ ಉಸಿರಾಡುತ್ತಾ ಮೂಗು ಸೋರಿಸಿಕೊಂಡು ಆಡುತ್ತಿದ್ದರೆ ಕೊಡಬಾರದು, ತಾಯಿ ಎಷ್ಟೇ ಬೇಡಿಕೊಂಡರೂ. ಅದೇ ಊರಲ್ಲಿ ಬಾಡಿಗೆಗಿದ್ದು, ಅವರದೇ ಮದುವೆ ಊಟಕ್ಕೆ ಹೋಗುವ 24 ವರ್ಷದ ಹುಡುಗಿ, ಪಂಚಾಯಿತಿ ಮೆಂಬರ್ ಮನೆಯವರಿಗೆ ಇಲ್ಲ ಅನ್ನಬೇಕು. ಹಕ್ಕು ಇಲ್ಲದಿದ್ದಾಗ ‘ನನಗೆ ಅಧಿಕಾರ ಇಲ್ಲ’ ಅಂತ ತಪ್ಪಿಸಿಕೊಳ್ಳಬಹುದು. ಹಕ್ಕು ಬಂದ ದಿನದಿಂದ ಆ ಆಸರೆಯೂ ಹೋಗುತ್ತದೆ. ಭಾವನ ಭಯದಲ್ಲಿ ನನಗೆ ನಿಜ ಅನಿಸುವುದು ಈ ಒಂದು ಭಾಗ.

ಕೊಡಗಿನ ಲೆಕ್ಕ ಬೇರೆಯೇ. ಬಯಲಲ್ಲಿ 5,000 ಜನಕ್ಕೆ ಒಂದು ಉಪಕೇಂದ್ರ, ಗುಡ್ಡಗಾಡಲ್ಲಿ 3,000ಕ್ಕೆ ಒಂದು ಅಂತ ನಿಯಮ ಇದೆ. ಆದರೆ ಇಲ್ಲಿ ಜನ ಚದುರಿ ಕೂತಿದ್ದಾರೆ. 4,102 ಚದರ ಕಿಲೋಮೀಟರ್‌ನಲ್ಲಿ 2011ರ ಗಣತಿ ಪ್ರಕಾರ ಐದೂವರೆ ಲಕ್ಷ ಜನ. ಒಂಟಿ ಮನೆ, ಮಧ್ಯದಲ್ಲಿ ತೋಟ, ತೋಟದಲ್ಲಿ ಆನೆ. ಸಂಜೆ ಐದಾದ ಮೇಲೆ ಹೊರಡಲು ಆಟೋದವರೂ ಹೆದರುತ್ತಾರೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ಮಕ್ಕಂದೂರು ಕಡೆ ಎಷ್ಟು ಮನೆಯವರು ಮಾತ್ರೆ ಚೀಟಿ ಸಮೇತ ಎಲ್ಲ ಕಳಕೊಂಡು ಪರಿಹಾರ ಕೇಂದ್ರಕ್ಕೆ ಬಂದರು, ನೆನಪಿದೆ ಅಲ್ವಾ? ಯಾವ ಬಿಪಿ ಮಾತ್ರೆ ಅಂದರೆ ‘ಚಿಕ್ಕದು, ಬಿಳಿ’ ಅನ್ನುತ್ತಿದ್ದರು. ಕಾಫಿ ಕೊಯ್ಲಿಗೆ ಬರುವವರಲ್ಲಿ ಅಸ್ಸಾಂನವರೂ ಇದ್ದಾರೆ, ಮಾತು ಬರುವುದಿಲ್ಲ, ಎರಡು ತಿಂಗಳಿಗೆ ಇನ್ನೊಂದು ತೋಟ. ಇಂಥ ಕಡೆ ಡಾಕ್ಟರ್ ಬರುವವರೆಗೆ ಕಾಯಿರಿ ಅನ್ನುವುದೂ ಒಂದು ಅಪಾಯವೇ. ಕೊಟ್ಟದ್ದರಿಂದ ಆದ ತೊಂದರೆಗೆ ಹೆಸರು ಇರುತ್ತದೆ, ಕೊಡದೆ ಇದ್ದದ್ದರಿಂದ ಆದದ್ದಕ್ಕೆ ಯಾರ ಹೆಸರೂ ಇರುವುದಿಲ್ಲ.

ಹಾಗಾದರೆ ಏನು ಮಾಡಬಹುದು? ಈಗ ಇರುವ ಹಾಗೆ, ಸಿಸ್ಟರ್ ಇ-ಸಂಜೀವಿನಿಯಲ್ಲಿ, ಅಂದರೆ ಸರ್ಕಾರದ ವಿಡಿಯೋ ಸಮಾಲೋಚನೆ ಸೇವೆಯಲ್ಲಿ ಡಾಕ್ಟರನ್ನು ಕೇಳಿ ಕೊಡುವುದು ಒಂದು ದಾರಿ. 2020ರ ಟೆಲಿಮೆಡಿಸಿನ್ ಮಾರ್ಗಸೂಚಿ ಪ್ರಕಾರ ಇದು ಕಾನೂನುಬದ್ಧ, ಜವಾಬ್ದಾರಿ ಡಾಕ್ಟರದ್ದು. ತೊಂದರೆ ನೀವೇ ಕಂಡಿದ್ದೀರಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೇಕಾದಾಗಲೇ ನೆಟ್‌ವರ್ಕ್ ಇರುವುದಿಲ್ಲ. ಇನ್ನೊಂದು ತುದಿ, ಇಂಗ್ಲೆಂಡಿನ ಹಾಗೆ ಪೂರ್ತಿ ಹಕ್ಕು. ಇಪ್ಪತ್ತು ವರ್ಷದ ಮೆಟ್ಟಿಲು ಹತ್ತದೆ ಅಲ್ಲಿಗೆ ಹಾರಿದರೆ ಬೀಳುವುದು ನರ್ಸ್, ಅವಳ ಜೊತೆ ರೋಗಿ. ಲ್ಯಾಬ್ ಇಲ್ಲದ, ಕೇಳಲು ಡಾಕ್ಟರ್ ಇಲ್ಲದ ಕಡೆ ಪೂರ್ತಿ ಹಕ್ಕು ಕೊಟ್ಟರೆ, ಡಾಕ್ಟರ್ ನೇಮಕ ಮಾಡದೆ ಇರುವುದಕ್ಕೆ ಸರ್ಕಾರಕ್ಕೊಂದು ನೆಪವೂ ಸಿಗುತ್ತದೆ. ಇದು ನನ್ನ ನಿಜವಾದ ಭಯ.

ನಡುವೆ ಒಂದು ದಾರಿ ಇದೆ, ನಾನು ಅದರ ಪರ. ಕಾಯಿಲೆಯಿಂದ ಕಾಯಿಲೆಗೆ ಬರೆದಿಟ್ಟ ದಾರಿ, ಚಿಕ್ಕ ಪಟ್ಟಿ. ಉದಾಹರಣೆಗೆ ಬಿಪಿ. 2017ರಲ್ಲಿ ಶುರುವಾದ ರಾಷ್ಟ್ರೀಯ ಬಿಪಿ ನಿಯಂತ್ರಣ ಕಾರ್ಯಕ್ರಮದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಬರೆದಿಟ್ಟಿದ್ದಾರೆ. ಅಮ್ಲೋಡಿಪಿನ್, ಸಾಲದಿದ್ದರೆ ಟೆಲ್ಮಿಸಾರ್ಟಾನ್, ಅದೂ ಸಾಲದಿದ್ದರೆ ಕ್ಲೋರ್ಥಾಲಿಡೋನ್. ಮೊದಲ ಮಾತ್ರೆ ಡಾಕ್ಟರ್ ಶುರು ಮಾಡಲಿ. ಮುಂದಿನ ಮೆಟ್ಟಿಲು, ಊತ ಬಂದರೆ ಡೋಸ್ ಇಳಿಸುವುದು, ಯಾವಾಗ ಕೈ ಬಿಟ್ಟು ಕಳಿಸಬೇಕು ಅನ್ನುವುದು, ಇಷ್ಟನ್ನು ಡಾಕ್ಟರ್ ಸಹಿ ಮಾಡಿದ ಕಾಗದದ ಮೇಲೆ ಅನುಭವಿ ಸಿಎಚ್‌ಒ ಮಾಡುವಂತಾಗಬೇಕು. ನೆಟ್‌ವರ್ಕ್ ಬಂದ ದಿನ ಡಾಕ್ಟರ್ ನೋಡಬೇಕು. ತಿಂಗಳಿಗೊಮ್ಮೆ ಇಬ್ಬರೂ ಕೂತು, ಬರೆದ ಚೀಟಿಗಳನ್ನು ಒಂದೊಂದಾಗಿ ಓದಬೇಕು. ಇದರಲ್ಲೂ ಅಪಾಯ ಇದೆ. ಕಾಗದದಲ್ಲಿ ಇಲ್ಲದ ರೋಗಿಯನ್ನು ಕಾಗದಕ್ಕೆ ಹೊಂದಿಸುವ ಚಟ ಬರುತ್ತದೆ. ಉಪಕೇಂದ್ರದ ಕಪಾಟಿನಲ್ಲಿ ಟೆಲ್ಮಿಸಾರ್ಟಾನ್ ಖಾಲಿಯಾದರೆ ಎಲ್ಲ ದಾರಿಯೂ ಅಲ್ಲೇ ನಿಲ್ಲುತ್ತದೆ. ಮದ್ದು ಸರಿಯಾಗಿ ಬರುವ ಹಾಗೆ ಮಾಡದೆ ಬರೆಯುವ ಹಕ್ಕಿನ ಬಗ್ಗೆ ಮಾತಾಡುವುದು ವ್ಯರ್ಥ ಅಂತ ನಾನು ಮೀಟಿಂಗ್‌ಗಳಲ್ಲೂ ಹೇಳುತ್ತೇನೆ.

ಮಗಳಿಗೆ ಹೋಗಲಿ ಅಂತ ಹೇಳಿ, ಸಂತೋಷದಿಂದ ಹೇಳಿ. ಆದರೆ ಮೂರು ಮಾತು ಅವಳ ಕಿವಿಗೆ ಹಾಕಿ. ತನಗೆ ಕೊಟ್ಟ ಲಿಖಿತ ಆದೇಶ, ಮದ್ದಿನ ಪಟ್ಟಿ ಎರಡರ ಪ್ರತಿಯೂ ತನ್ನ ಹತ್ತಿರ ಇಟ್ಟುಕೊಳ್ಳಲಿ. ‘ಫೋನಲ್ಲಿ ಹೇಳಿದೆನಲ್ಲ, ಕೊಟ್ಟುಬಿಡು’ ಅಂತ ಡಾಕ್ಟರ್ ಹೇಳಿದರೆ ಸಮಯ, ಹೆಸರು, ಡೋಸ್ ಅಲ್ಲೇ ರಿಜಿಸ್ಟರ್‌ನಲ್ಲಿ ಬರೆಯಲಿ, ಒಂದು ಮೆಸೇಜ್ ಕಳಿಸಿ ಅಂತ ಕೇಳಲಿ. ಕೇಳಲು ನಾಚಿಕೆ ಬೇಡ. ಮತ್ತೆ, ಒಳ್ಳೆಯ ಡಾಕ್ಟರ್ ಇರುವ ಪಿಎಚ್‌ಸಿಯ ಕೆಳಗೆ ಪೋಸ್ಟಿಂಗ್ ಸಿಕ್ಕರೆ ದೂರ ಅಂತ ಬಿಡಬಾರದು. ಮೊದಲ ಎರಡು ವರ್ಷ ಯಾರ ಪಕ್ಕ ಕೂತು ಕಲಿಯುತ್ತಾಳೆ ಅನ್ನುವುದರ ಮೇಲೆ ಮುಂದಿನದೆಲ್ಲ ನಿಂತಿರುತ್ತದೆ. ಭಾವ ಒಪ್ಪಿದರೆ, ರಜೆಯಲ್ಲಿ ಅವರ ಕ್ಲಿನಿಕ್‌ನಲ್ಲೇ ಒಂದು ತಿಂಗಳು ಕೂರಲಿ. ಅವರಿಗೂ ಅಭಿಪ್ರಾಯ ಬದಲಾಗಬಹುದು.

ಅವ್ವನಿಗೆ ಈಗ ಕೊಟ್ಟಿರುವ ಹೊಸ ಮಾತ್ರೆ ಟೆಲ್ಮಿಸಾರ್ಟಾನ್ ಆಗಿದ್ದರೆ, ಒಂದೆರಡು ವಾರದಲ್ಲಿ ರಕ್ತದಲ್ಲಿ ಕ್ರಿಯಾಟಿನಿನ್, ಪೊಟ್ಯಾಸಿಯಂ ನೋಡಿಸಬೇಕಾ ಅಂತ ಡಾಕ್ಟರನ್ನು ಕೇಳಿ. ಮಂಡಿ ನೋವಿಗೆ ಅಂತ ಡೈಕ್ಲೋಫೆನಾಕ್, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆ ಅಂಗಡಿಯಿಂದ ತರಬೇಡಿ, ಅವು ಇದರ ಜೊತೆ ಸೇರಿದರೆ ಕಿಡ್ನಿಗೆ ಕೆಟ್ಟದ್ದು. ವಾಂತಿ ಭೇದಿ ಶುರುವಾದರೆ ಅದೇ ದಿನ ಸಿಸ್ಟರ್‌ಗೆ ಹೇಳಿ. ಊತ ಪೂರ್ತಿ ಇಳಿಯಲು ಕೆಲವು ವಾರ ಬೇಕಾಗಬಹುದು, ಆದರೆ ಮಲಗಿದಾಗ ಉಸಿರು ಕಟ್ಟಿದರೆ, ಒಂದೇ ಕಾಲು ಊದಿ ನೋವಾದರೆ ಕಾಯಬೇಡಿ, ನೇರ ಆಸ್ಪತ್ರೆಗೆ. ಮುಂದಿನ ಸಲ ಉಪಕೇಂದ್ರಕ್ಕೆ ಹೋಗುವಾಗ ಮನೆಯಲ್ಲಿರುವ ಎಲ್ಲ ಮಾತ್ರೆ, ಆ ಉಳಿದ ನೀರಿನ ಮಾತ್ರೆ ಕೂಡ, ಯಾರೋ ಕೊಟ್ಟ ಕಷಾಯದ ಬಾಟಲಿ ಇದ್ದರೆ ಅದೂ, ಒಂದೇ ಚೀಲದಲ್ಲಿ ಹಾಕಿಕೊಂಡು ಹೋಗಿ ಸಿಸ್ಟರ್ ಮೇಜಿನ ಮೇಲೆ ಸುರಿಯಿರಿ.